ಸುತ್ತಿ ಸಾಗುವ ಅಲೆಯ ಕಥೆ

ಕಾಪುವಿನ ಕಡಲ ತಡಿಯಲ್ಲಿ ಒಂದು ದೊಡ್ಡ ಬಂಡೆಯುಂಟು. ಆ ಬಂಡೆಯ ಮೇಲೆ 1901ನೆಯ ಇಸವಿಯಲ್ಲಿ ಕಟ್ಟಿದ ದೀಪಸ್ತಂಭವುಂಟು. ಉಡುಪಿಯ ಕಡೆಯಿಂದ ಬಂದವರಾಗಲಿ ಮಂಗಳೂರಿನ ಕಡೆಯಿಂದ ಬಂದವರಾಗಲಿ ಸಂಜೆಯ ಹೊತ್ತು ಅಲ್ಲಿ ಒಂದು ಗಳಿಗೆ ನಿಲ್ಲದೆ ಹೋಗುವುದು ಅಪೂರ್ವ. ನಾವೂ ನಮ್ಮ ವಿದ್ಯಾರ್ಥಿಗಳೊಡನೆ ಹಲವು ಸಲ ಅಲ್ಲಿ ಕುಳಿತದ್ದುಂಟು. ಹಾಗೆ ಕುಳಿತಿದ್ದಾಗ ಅವರಲ್ಲೊಬ್ಬನು ಕೇಳಿದ ಪ್ರಶ್ನೆಯೇ ಈ ಭಾಷಣಕ್ಕೆ ಮೂಲ. “ಸಾರ್, ದೋಣಿ ಯಾವ ಮಗ್ಗುಲಿಗೆ ವಾಲಿದ್ದರೂ ಈ ದೀಪ ಅದಕ್ಕೆ ಕಾಣುತ್ತದೆ. ರೇಡಿಯೊ ಕಡ್ಡಿಯನ್ನು ಮಾತ್ರ ಹೀಗೆಯೇ ನಿಲ್ಲಿಸಬೇಕು, ಹಾಗೆ ಮಲಗಿಸಬಾರದು ಎನ್ನುತ್ತೀರಿ. ಬೆಳಕೂ ರೇಡಿಯೊ ಅಲೆಯೂ ಒಂದೇ ಜಾತಿಯಾದ ಮೇಲೆ ಈ ಭೇದವೇಕೆ?”

ಪ್ರಶ್ನೆ ಸಣ್ಣದು, ಉತ್ತರವು ಮಾತ್ರ ಇನ್ನೂರು ವರ್ಷಗಳ ಚರಿತ್ರೆ. ಕಡಲಿನಲ್ಲಿ ಓಲಾಡುವ ದೋಣಿಗೆ ‘ನೆಟ್ಟಗೆ ನಿಲ್ಲು, ಆಮೇಲೆ ಹೇಳುತ್ತೇನೆ’ ಎನ್ನುವ ಅಲೆಯು ಎಷ್ಟರ ಉಪಯೋಗಕ್ಕೆ ಬಂದೀತು? ಕೇಳುವವನ ಭಂಗಿಯನ್ನು ವಿಚಾರಿಸದೆ ಹೋಗಿ ಮುಟ್ಟುವ ಅಲೆಯೊಂದನ್ನು ಮನುಷ್ಯನು ಕಂಡುಕೊಂಡ ಬಗೆಯನ್ನು ಇಂದು ನಾವು ಸಂಗ್ರಹವಾಗಿ ನೋಡೋಣ.

ಈ ಚರಿತ್ರೆಯ ಮೊದಲನೆಯ ಪುರುಷನಿಗೂ ದೀಪಸ್ತಂಭಗಳಿಗೂ ನಂಟುಂಟು. ಆತನು ಫ್ರಾನ್ಸ್ ದೇಶದ ಆಗುಸ್ತಾ ಫ್ರೆನೆಲ್. ವೃತ್ತಿಯಲ್ಲಿ ರಸ್ತೆ ಸೇತುವೆಗಳ ಇಂಜಿನಿಯರು. 1788ರಲ್ಲಿ ಹುಟ್ಟಿ 1827ರಲ್ಲಿ, ನಲವತ್ತು ತುಂಬುವುದಕ್ಕೆ ಮೊದಲೇ, ತೀರಿಕೊಂಡನು. ಗಾಜಿನ ಬಳೆಗಳನ್ನು ಒಂದರ ಸುತ್ತ ಒಂದರಂತೆ ಜೋಡಿಸಿ ದೀಪದ ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ಕಳುಹಿಸುವ ಮಸೂರವು ಆತನದು. 1823ರಲ್ಲಿ ಅದು ಫ್ರಾನ್ಸಿನ ಕೊರ್ದುವಾ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ತರುವಾಯ ಜಗತ್ತಿನ ತೀರತೀರಗಳಿಗೆ ಹಬ್ಬಿತು. ಇದು ಲೋಕವೆಲ್ಲ ಬಲ್ಲ ಕಾರ್ಯ. ಅದಕ್ಕೆ ಹಿಂದಿನ ವರ್ಷ, 1822ರಲ್ಲಿ, ಆತನು ಮಾಡಿದ ಇನ್ನೊಂದು ಕಾರ್ಯವನ್ನು ಬಲ್ಲವರು ಕಡಮೆ. ಬೆಳಕಿನ ಅಲೆಯು ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ತೂಗುತ್ತದೆಂದೂ, ಆ ತೂಗಾಟವು ಒಂದೇ ಗೆರೆಯ ಮೇಲೆ ನಡೆಯಬಹುದು ಇಲ್ಲವೆ ಚಕ್ರಾಕಾರವಾಗಿ ಸುತ್ತುತ್ತ ನಡೆಯಬಹುದೆಂದೂ ಆತನು ನಿರೂಪಿಸಿದನು. ಮೊದಲನೆಯದು ರೇಖಾ ಧ್ರುವೀಕರಣ. ಎರಡನೆಯದು ವರ್ತುಲ ಧ್ರುವೀಕರಣ.

ಈ ಎರಡನೆಯದು ಎಂಥದೆಂಬುದನ್ನು ಕಾಣಬೇಕಾದರೆ ಕಾರ್ಕಳಕ್ಕೆ ಹೋಗಬೇಕು. ಅಲ್ಲಿನ ಬಂಡೆಗುಡ್ಡದ ಮೇಲೆ 1432ರಲ್ಲಿ ಪ್ರತಿಷ್ಠಿತನಾದ ಗೊಮ್ಮಟನ ಕಾಲುಗಳನ್ನೂ ತೋಳುಗಳನ್ನೂ ಬಳ್ಳಿಯು ಸುತ್ತಿ ಮೇಲಕ್ಕೇರಿದೆ. ಬಳ್ಳಿಯ ಕುಡಿಯು ಮುಂದಕ್ಕೂ ಹೋಗುತ್ತದೆ, ಸುತ್ತಲೂ ಹೋಗುತ್ತದೆ. ಸುತ್ತಿ ಸಾಗುವ ಅಲೆಯ ವಿದ್ಯುದ್ಬಲದ ತುದಿಯೂ ಹಾಗೆಯೇ, ಕಣ್ಣಿಗೆ ಕಾಣದ ಕಂಬವೊಂದನ್ನು ಬಳಸಿದಂತೆ ಮುಂದುವರಿಯುತ್ತದೆ. ಬಳ್ಳಿಯು ಬಲಕ್ಕೆ ಸುತ್ತಬಹುದು, ಎಡಕ್ಕೆ ಸುತ್ತಬಹುದು. ಶಂಖಗಳಿಗೂ ಕಾವೇರಿಯ ತಿರುವುಗಳಿಗೂ ನಮ್ಮವರಿಟ್ಟ ಹೆಸರುಗಳನ್ನೇ ಇಲ್ಲಿ ಬಳಸಿ, ಒಂದನ್ನು ಬಲಮುರಿ ಎಂದೂ ಇನ್ನೊಂದನ್ನು ಎಡಮುರಿ ಎಂದೂ ಕರೆಯೋಣ.

ಇಂಥ ಅಲೆಯನ್ನು ಹುಟ್ಟಿಸುವ ಉಪಾಯವನ್ನೂ ಫ್ರೆನೆಲನೇ ತೋರಿಸಿಕೊಟ್ಟನು. ಓರೆಯಾದ ಅಲೆಯೊಂದನ್ನು ನಿಂತ ಭಾಗ, ಮಲಗಿದ ಭಾಗ ಎಂದು ಎರಡು ಸಮಪಾಲಾಗಿ ಭಾವಿಸಬಹುದು. ಇವುಗಳಲ್ಲಿ ಒಂದನ್ನು ಇನ್ನೊಂದಕ್ಕಿಂತ ಕಾಲು ಅಲೆಯಷ್ಟು ತಡಮಾಡಿದರೆ ತೂಗಾಟವು ಸುತ್ತಾಟವಾಗುತ್ತದೆ. ಓರೆಯಾಗಿ ಕಡೆದ ಗಾಜಿನ ತುಂಡೊಂದರೊಳಗೆ ಬೆಳಕನ್ನು ಎರಡು ಸಲ ಪುಟಿಸಿ, ಪುಟಿದಾಗಲೆಲ್ಲ ಅಲೆಯ ಎಂಟನೆಯ ಒಂದು ಪಾಲಿನಷ್ಟು ತಡವಾಗುವಂತೆ ಮಾಡಿ, ಆತನು ಇದನ್ನು ಸಾಧಿಸಿದನು. ಕಾಲು ಅಲೆಯ ಈ ತಡವನ್ನು ನೆನಪಿನಲ್ಲಿಡಬೇಕು. ಮುಂದೆ ಬಂದ ಯಂತ್ರಗಳಲ್ಲಿ ಬಹುಪಾಲು ಇದೊಂದೇ ಯುಕ್ತಿಯ ರೂಪಾಂತರಗಳು.

ಬೆಳಕಿನಲ್ಲಿ ಕಂಡುದು ವಿದ್ಯುತ್ತಿನ ಅಲೆಗಳಲ್ಲಿಯೂ ಉಂಟೆಂದು ತೋರಿಸಿದವನು ಜರ್ಮನಿಯ ಹರ್ಟ್ಸ್. 1888ರ ಸುಮಾರಿನಲ್ಲಿ ಆತನು ಸಾಲಾಗಿ ಬಿಗಿದ ತಂತಿಗಳ ಚೌಕಟ್ಟೊಂದನ್ನು ಅಲೆಯ ಹಾದಿಯಲ್ಲಿಟ್ಟು ತಿರುಗಿಸಿದಾಗ, ಅಲೆಯು ಒಮ್ಮೆ ದಾಟಿತು, ಒಮ್ಮೆ ನಿಂತಿತು. ಆ ಬಳಿಕ ಈ ವಿದ್ಯೆಯನ್ನು ಬಹುದೂರ ಒಯ್ದವರು ನಮ್ಮ ದೇಶದವರೇ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಜಗದೀಶಚಂದ್ರ ಬೋಸರು 1895ರಿಂದ ಮುಂದೆ, ಕೆಲವೇ ಮಿಲಿಮೀಟರು ಉದ್ದದ ವಿದ್ಯುತ್ತರಂಗಗಳಿಂದ ಪ್ರಯೋಗಗಳನ್ನು ನಡೆಯಿಸಿದರು. ಹಾಳೆಗಳ ನಡುವೆ ತವರದ ರೇಕುಗಳನ್ನಿಟ್ಟ ರೈಲ್ವೆ ವೇಳಾಪಟ್ಟಿಯ ಪುಸ್ತಕವೇ ಅವರ ಕೈಯಲ್ಲಿ ಧ್ರುವೀಕರಣದ ಉಪಕರಣವಾಯಿತು. 1898ರಲ್ಲಿ ಅವರು ಸೆಣಬಿನ ನಾರನ್ನು ಹೊಸೆದು ಕಟ್ಟುಗಳಾಗಿ ಮಾಡಿ ಅಲೆಯ ಹಾದಿಯಲ್ಲಿಟ್ಟರು. ಒಂದು ಕಡೆಗೆ ಹೊಸೆದ ನಾರು ಅಲೆಯ ತೂಗಾಟವನ್ನು ಒಂದು ಮಗ್ಗುಲಿಗೆ ಹೊರಳಿಸಿತು. ಇನ್ನೊಂದು ಕಡೆಗೆ ಹೊಸೆದದ್ದು ಇನ್ನೊಂದು ಮಗ್ಗುಲಿಗೆ. ನಮ್ಮ ತೀರದಲ್ಲಿ ತೆಂಗಿನ ನಾರನ್ನು ಹೊಸೆದು ಹುರಿ ಮಾಡುವವರ ಕೈಗೆ ಚಿರಪರಿಚಿತವಾದ ಬಲಮುರಿ ಎಡಮುರಿಗಳು ಅಲೆಗೂ ಅರ್ಥವಾಗುತ್ತವೆಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷ್ಯವು ಬೇಕಿಲ್ಲ.

ಇಷ್ಟಾದರೂ ಸುಮಾರು ಐವತ್ತು ವರ್ಷಗಳ ಕಾಲ ಸುತ್ತುವ ಅಲೆಯು ಯಾರಿಗೂ ಹೆಚ್ಚಾಗಿ ಬೇಕಾಗಲಿಲ್ಲ. ಕಾರಣವು ಸುಲಭ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಆ ಕಾಲದಲ್ಲಿ, ಹೇಳುವ ಕಂಬವೂ ನೆಲದ ಮೇಲೆ, ಕೇಳುವ ಪೆಟ್ಟಿಗೆಯೂ ನೆಲದ ಮೇಲೆ. ಇಬ್ಬರಿಗೂ ಭೂಮಿಯೊಂದೇ ಆಧಾರವಾಗಿರಲು ಭಂಗಿಯ ಜಗಳವೇಳಲಿಲ್ಲ. ಎರಡನೆಯ ಮಹಾಯುದ್ಧವು ಬಂದು, ಕೆಲವೇ ಸೆಂಟಿಮೀಟರು ಉದ್ದದ ಅಲೆಗಳನ್ನು, ಎಂದರೆ ಮೈಕ್ರೋವೇವುಗಳನ್ನು, ವಿಮಾನಗಳ ಮೇಲೂ ಹಡಗುಗಳ ಮೇಲೂ ಏರಿಸಿತು. ಆಗ ಜಗಳವು ಎದ್ದಿತು.

ಈ ಕಿರಿದಾದ ಅಲೆಗಳಿಗೆ ತಂತಿಯು ಒಗ್ಗುವುದಿಲ್ಲ. ಟೊಳ್ಳಾದ ಲೋಹದ ಕೊಳವೆಯೇ ಒಗ್ಗುತ್ತದೆ. ಇದಕ್ಕೆ ತರಂಗನಾಳವೆಂದು ಹೆಸರಿಡಬಹುದು. ಅದರ ಗಣಿತವನ್ನು ಲಾರ್ಡ್ ರ‍್ಯಾಲಿಯು 1897ರಲ್ಲಿಯೇ ಬರೆದಿದ್ದರೂ ಲೋಕವು ಅದನ್ನು ಮರೆತಿತ್ತು. 1936ರಲ್ಲಿ ಅಮೆರಿಕದ ಸೌತ್‌ವರ್ತ್ ಮತ್ತು ಬ್ಯಾರೋ ಎಂಬಿಬ್ಬರು ಬೇರೆ ಬೇರೆಯಾಗಿ ಅದನ್ನು ಮತ್ತೆ ಬಳಕೆಗೆ ತಂದರು.

ಕೊಳವೆಯೊಳಗೆ ಅಲೆಯು ಮನಬಂದಂತೆ ಹರಿಯಲಾರದು. ಗೋಡೆಗಳು ಒಪ್ಪುವ ಕೆಲವು ವಿನ್ಯಾಸಗಳಲ್ಲಿ ಮಾತ್ರ ಹರಿಯಬಲ್ಲುದು. ಇಂಜಿನಿಯರುಗಳು ಇವನ್ನು ಮೋಡ್ ಎನ್ನುತ್ತಾರೆ. ಯಕ್ಷಗಾನವನ್ನು ಬಲ್ಲ ನಮ್ಮ ನಾಡಿನವರಿಗೆ ಇದು ಹೊಸದಲ್ಲ. ಅಂಚು ಬಿಗಿದ ಚರ್ಮದ ನಡುವಿಗೆ ಹೊಡೆದರೆ ಚರ್ಮವೆಲ್ಲ ಒಟ್ಟಿಗೆ ಏರಿಳಿಯುತ್ತದೆ. ಬದಿಗೆ ಹೊಡೆದರೆ ಅರ್ಧ ಏರುವಾಗ ಅರ್ಧ ಇಳಿಯುವ ಕಂಪನವೂ ಏಳುತ್ತದೆ. ಒಂದೇ ಚರ್ಮ, ನುಡಿ ಬೇರೆ. ದುಂಡು ಕೊಳವೆಯಲ್ಲಿನ ಒಂದು ಬಗೆಯ ಅಲೆಗಳಿಗೂ ಇಂಥ ದುಂಡು ಚರ್ಮಕ್ಕೂ ಗಣಿತದ ಸಮೀಕರಣವು ಒಂದೇ ಎಂಬುದು ಅಲಂಕಾರದ ಮಾತಲ್ಲ, ಅಕ್ಷರಶಃ ಸತ್ಯ. ಚರ್ಮದ ನಡು ಏರಿಳಿಯುವಂತೆ ಸುತ್ತಲೂ ಒಂದೇ ಸಮನಾಗಿರುವ ವಿನ್ಯಾಸವೊಂದುಂಟು. ಅದನ್ನು ಹಾಗೆಯೇ ಕೊಳವೆಯ ಬಾಯಿಂದ ಹೊರಬಿಟ್ಟರೆ ಕಿರಣದ ನಟ್ಟನಡುವೆ ಶೂನ್ಯವು ಉಳಿಯುತ್ತದೆ. ಎದುರಿಗೆ ನಿಂತವನಿಗೇ ಏನೂ ಮುಟ್ಟದು. ಇನ್ನೊಂದು ವಿನ್ಯಾಸದಲ್ಲಿ ವಿದ್ಯುದ್ಬಲವು ನಡುವಿನಲ್ಲಿ ಒಂದು ದಿಕ್ಕಿಗೆ ನೆಟ್ಟಗೆ ನಿಂತಿರುತ್ತದೆ. ನಮಗೆ ಬೇಕಾದುದು ಇದು. ದುಂಡು ಕೊಳವೆಗೆ ಮೇಲು ಕೆಳಗೆಂಬ ಭೇದವಿಲ್ಲದಿರುವುದರಿಂದ ಈ ವಿನ್ಯಾಸವು ಯಾವ ಕೋನದಲ್ಲಾದರೂ ನಿಲ್ಲಬಲ್ಲುದು. ಆದುದರಿಂದಲೇ ಸುತ್ತಲೂ ಬಲ್ಲುದು. ಎರಡು ಸೆಂಟಿಮೀಟರು ವ್ಯಾಸದ ಕೊಳವೆಯು ಈ ವಿನ್ಯಾಸಕ್ಕೆ 3.4 ಸೆಂಟಿಮೀಟರಿಗಿಂತ ಕಿರಿದಾದ ಅಲೆಗಳನ್ನು ಬಿಟ್ಟುಕೊಡುತ್ತದೆ. ಮೊದಲು ಹೇಳಿದ ವಿನ್ಯಾಸಕ್ಕೆ 2.6ಕ್ಕಿಂತ ಕಿರಿದಾದವನ್ನು ಮಾತ್ರ. ಹೀಗಿರಲು ಮೂರು ಸೆಂಟಿಮೀಟರಿನ ಅಲೆಯನ್ನು ಆರಿಸಿಕೊಂಡರೆ ಬೇಡದ ವಿನ್ಯಾಸವು ತಾನಾಗಿಯೇ ಹೊರಗುಳಿಯುತ್ತದೆ.

ಆದರೆ ಅಲೆಯು ಸಾಮಾನ್ಯವಾಗಿ ಆಯತಾಕಾರದ ಕೊಳವೆಯಲ್ಲಿ ಬರುತ್ತದೆ. ಮಣಿಪಾಲದ ಗುಡ್ಡದ ಮೇಲೆ 1957ರಲ್ಲಿ ಸ್ಥಾಪಿತವಾದಂಥ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಕಲಿಯುವ ನಾಳವೂ ಇಂಥದೇ. ಅದರ ಒಳ ಅಗಲ 22.86 ಮಿಲಿಮೀಟರು, ಎತ್ತರ 10.16 ಮಿಲಿಮೀಟರು. ಇದರಿಂದ ದುಂಡು ಕೊಳವೆಗೆ ಅಲೆಯನ್ನು ದಾಟಿಸುವ ಸಂಧಿಗೆ ವಿನ್ಯಾಸ ಪರಿವರ್ತಕವೆಂದು ಹೆಸರು. ಇಲ್ಲಿ ನಿಯಮವು ಒಂದೇ: ಅವಸರ ಕೂಡದು. ಆಯತವು ಥಟ್ಟನೆ ದುಂಡಾದರೆ ಅಲೆಯು ಬೆದರಿದ ಎತ್ತಿನಂತೆ ಬಂದ ದಾರಿಗೆ ತಿರುಗುತ್ತದೆ, ಇಲ್ಲವೆ ಬೇಡದ ವಿನ್ಯಾಸಗಳಾಗಿ ಚೆದುರುತ್ತದೆ. ಕೆಲವು ಅಲೆಯುದ್ದಗಳವರೆಗೆ ಮೆಲ್ಲಮೆಲ್ಲನೆ ಮೂಲೆಗಳನ್ನು ದುಂಡಾಗಿಸಿದರೆ ಅಲೆಯು ತಾನು ಬದಲಾದುದನ್ನು ಅರಿಯದೆ ಬದಲಾಗುತ್ತದೆ. ಅದರ ಮುಂದೆ ದುಂಡು ಕೊಳವೆಯೊಳಗೆ ತೆಳುವಾದ ಹಲಗೆಯೊಂದನ್ನು ನಲವತ್ತೈದು ಅಂಶಗಳ ಓರೆಯಲ್ಲಿಟ್ಟರೆ ಒಂದು ಪಾಲು ಕಾಲು ಅಲೆಯಷ್ಟು ತಡವಾಗಿ, ತೂಗುವ ಅಲೆಯು ಸುತ್ತುವ ಅಲೆಯಾಗುತ್ತದೆ. ಫ್ರೆನೆಲನ ಗಾಜು ಲೋಹದಲ್ಲಿ ಮತ್ತೆ ಹುಟ್ಟಿತೆನ್ನಬೇಕು.

ಸುತ್ತುವ ಅಲೆಗೆ ಮೊದಲು ಒದಗಿದ ಕೆಲಸಗಳಲ್ಲೊಂದು ನಮ್ಮ ಸೀಮೆಗೆ ಚೆನ್ನಾಗಿ ಒಪ್ಪುವಂಥದು. ರೇಡಾರು ಮಳೆಯಲ್ಲಿ ಕುರುಡಾಗುತ್ತಿತ್ತು. ವಿಮಾನದ ಮಾರ್ದನಿಗಿಂತ ಮಳೆಯ ಮಾರ್ದನಿಯೇ ದೊಡ್ಡದಾಗುತ್ತಿತ್ತು. ಆಷಾಢದಲ್ಲಿ ಆಗುಂಬೆಯ ಘಾಟಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಲ್ಲಿ ಬಲಮುರಿಯ ಗುಣವು ನೆರವಿಗೆ ಬಂದಿತು. ಕನ್ನಡಿಯಲ್ಲಿ ಬಲಗೈ ಎಡಗೈಯಾಗುವಂತೆ, ದುಂಡಾದ ಮಳೆಹನಿಯಿಂದ ಮರಳುವ ಬಲಮುರಿ ಅಲೆಯು ಎಡಮುರಿಯಾಗುತ್ತದೆ. ಬಲಮುರಿಯನ್ನು ಮಾತ್ರ ಕೇಳುವ ಆಂಟೆನಾ ಅದನ್ನು ಬಹುಮಟ್ಟಿಗೆ ಒಲ್ಲೆನೆನ್ನುತ್ತದೆ. ರೆಕ್ಕೆ ಬಾಲಗಳುಳ್ಳ ವಿಮಾನವು ದುಂಡಲ್ಲವಾದುದರಿಂದ ಅದರ ಮಾರ್ದನಿಯಲ್ಲಿ ಎರಡು ಮುರಿಗಳೂ ಬೆರೆತಿದ್ದು ಕೇಳಿಸುತ್ತದೆ.

1946ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಜಾನ್ ಕ್ರಾಸ್ ಎಂಬ ಅಧ್ಯಾಪಕನು ಒಂದು ಉಪನ್ಯಾಸವನ್ನು ಕೇಳಲು ಹೋದನು. ನಳಿಕೆಯೊಳಗೆ ಸುರುಳಿ ತಂತಿಯನ್ನಿಡುವ ವಿಚಾರವು ಅಲ್ಲಿ ಬಂದಿತು. ಈ ಸುರುಳಿಯು ಆಂಟೆನಾ ಆಗಬಹುದೇ ಎಂದು ಆತನು ಕೇಳಲು, ಪ್ರಯತ್ನಿಸಿ ನೋಡಿದೆ, ಆಗದು ಎಂಬುದಾಗಿ ಉತ್ತರ ಬಂದಿತು. ಕ್ರಾಸನು ಮನೆಗೆ ಮರಳಿ, 12 ಸೆಂಟಿಮೀಟರಿನ ಅಲೆಗಾಗಿ, ಸುತ್ತಳತೆಯು ಹೆಚ್ಚು ಕಡಮೆ ಒಂದು ಅಲೆಯಷ್ಟಿರುವಂತೆ ತಂತಿಯನ್ನು ಸುತ್ತಿದನು. ಸುರುಳಿಯು ತನ್ನ ತುದಿಯ ದಿಕ್ಕಿಗೆ ಸುತ್ತುವ ಅಲೆಯ ಕಿರಣವೊಂದನ್ನು ಬಿಟ್ಟಿತು. ಮೇಷ್ಟರ ಮಾತನ್ನು ಗೌರವದಿಂದ ಕೇಳಿ ಮನೆಗೆ ಹೋಗಿ ಪರೀಕ್ಷಿಸುವ ವಿದ್ಯಾರ್ಥಿಗಳು ನಮಗೂ ಬೇಕು.

ಈಗ ಲೆಕ್ಕಕ್ಕೆ ಬರೋಣ. ತೂಗುವ ಅಲೆಯನ್ನು ತೂಗುವ ಆಂಟೆನಾ ಕೇಳುವಾಗ ಎರಡೂ ಒಂದೇ ಭಂಗಿಯಲ್ಲಿದ್ದರೆ ಪೂರ್ಣಶಕ್ತಿಯು ದೊರೆಯುತ್ತದೆ. ನಲವತ್ತೈದು ಅಂಶ ಓರೆಯಾದರೆ ಅರ್ಧ. ತೊಂಬತ್ತಾದರೆ ಏನೂ ಇಲ್ಲ. ಸುತ್ತುವ ಅಲೆಯನ್ನು ಅದೇ ಆಂಟೆನಾ ಕೇಳಿದರೆ, ಅಲೆಯ ಹಾದಿಯನ್ನೇ ಅಕ್ಷವಾಗಿಟ್ಟುಕೊಂಡು ಹೇಗೆ ಹೊರಳಿದರೂ ಅರ್ಧವು ದೊರೆಯುತ್ತದೆ, ಹೆಚ್ಚಿಲ್ಲ, ಕಡಮೆಯಿಲ್ಲ. ಸರ್ವನಾಶವು ಎದುರಾದಾಗ ಅರ್ಧವನ್ನು ಬಿಟ್ಟುಕೊಡುವವನೇ ಜಾಣನೆಂಬುದು ನಮ್ಮ ಹಿರಿಯರ ವಿವೇಕ. ಈ ವಿದ್ಯೆಯ ಚರಿತ್ರೆಯೆಲ್ಲ ಆ ವಿವೇಕದ ಚರಿತ್ರೆ. ಕೇಳುವವನೂ ಅದೇ ಮುರಿಯ ಆಂಟೆನಾವನ್ನು ಹಿಡಿದನೆಂದರೆ ಬಿಟ್ಟುಕೊಟ್ಟ ಅರ್ಧವೂ ಮರಳಿ ಬರುತ್ತದೆ. ಆದರೆ ವಿರುದ್ಧ ಮುರಿಯನ್ನು ಹಿಡಿದರೆ ಪೂರ್ಣ ಮೌನ.

ಆ ಮೌನವು ಒಮ್ಮೆ ಲೋಕಪ್ರಸಿದ್ಧವಾಯಿತು. 1962ರ ಜುಲೈ 10ರಂದು ಅಮೆರಿಕದವರು ಟೆಲ್‌ಸ್ಟಾರ್ ಎಂಬ ಉಪಗ್ರಹವನ್ನು ಹಾರಿಸಿದರು. ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಚಿತ್ರಗಳನ್ನು ಆ ರಾತ್ರಿ ಫ್ರೆಂಚರು ಚೆನ್ನಾಗಿ ಕಂಡರು. ಇಂಗ್ಲೆಂಡಿನ ಗೂನ್‌ಹಿಲ್ಲಿ ಕೇಂದ್ರದವರಿಗೆ ಮಸುಕಾದುದೇ ದಕ್ಕಿತು. ಅಲೆಯು ಸುತ್ತುವ ದಿಕ್ಕನ್ನು ಹೇಳುವುದರಲ್ಲಿ ಎರಡು ಸಂಪ್ರದಾಯಗಳಿದ್ದುವು. ಬರುವ ಅಲೆಯನ್ನು ನೋಡಿ ಹೇಳುವುದು ಒಂದು, ಹೋಗುವ ಅಲೆಯನ್ನು ನೋಡಿ ಹೇಳುವುದು ಇನ್ನೊಂದು. ಒಬ್ಬರ ಬಲಮುರಿಯು ಇನ್ನೊಬ್ಬರ ಎಡಮುರಿ. ಹೀಗಾಗಿ ಆಂಟೆನಾದ ಚಿಕ್ಕ ಭಾಗವೊಂದು ತಿರುಗುಮುರುಗಾಗಿ ಕುಳಿತಿತ್ತು. ಅದನ್ನು ಸರಿಪಡಿಸಿದೊಡನೆ ಚಿತ್ರಗಳು ಬಂದುವು. ಗಣಿತದಲ್ಲಿ ತಪ್ಪಿರಲಿಲ್ಲ, ಒಂದೇ ಮಾತಿಗೆ ಎರಡು ಅರ್ಥಗಳಿದ್ದುವು.

ನಮ್ಮ ನಾಡಿನಲ್ಲಿ ಈ ವಿದ್ಯೆಯು ಬೇರೂರಿದುದು ಬೆಂಗಳೂರಿನಲ್ಲಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮೈಸೂರು ಸಂಸ್ಥಾನದಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನೋದಿ, ಅಮೆರಿಕಕ್ಕೆ ತೆರಳಿ, ಮಿಷಿಗನ್ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನು ಪಡೆದು, 1953ರಲ್ಲಿ ಆ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದರು. ಅವರೂ ಅವರ ಪತಿ ಶಿಶಿರಕುಮಾರ ಚಟರ್ಜಿಯವರೂ ಕೂಡಿ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ಆಂಟೆನಾಗಳನ್ನು ಕುರಿತು ಗ್ರಂಥಗಳನ್ನು ಬರೆದರು. ಒಂದು ಶಿಷ್ಯಪರಂಪರೆಯನ್ನೇ ಸಿದ್ಧಪಡಿಸಿದರು. 2010ರಲ್ಲಿ ರಾಜೇಶ್ವರಿಯವರು ತೀರಿಕೊಂಡರು. ಅವರ ಹೆಸರನ್ನು ಕೇಳದ ಪದವೀಧರರು ನಮ್ಮಲ್ಲಿ ಈಗಲೂ ಹೇರಳವಾಗಿರುವುದು ನಾಚಿಕೆಯ ವಿಷಯ.

ಅದೇ ಬೆಂಗಳೂರಿಗೆ ಕಾಪುವಿನ ಸೀಮೆಯಿಂದಲೂ ಒಬ್ಬರು ಹೋದರು. ಅದಮಾರು ಎಂಬ ಊರಿನಲ್ಲಿ 1932ರಲ್ಲಿ ಹುಟ್ಟಿ, ಉಡುಪಿಯಲ್ಲಿ ಹೈಸ್ಕೂಲನ್ನೋದಿದ ಉಡುಪಿ ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳೊಳಗೆ ಆರ್ಯಭಟ ಉಪಗ್ರಹವು ಸಿದ್ಧವಾಯಿತು. 360 ಕಿಲೋಗ್ರಾಂ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ದೇಶದಿಂದ ಮೇಲೇರಿತು. ಆಕಾಶದಲ್ಲಿ ಅದು ಬುಗುರಿಯಂತೆ ತನ್ನ ಸುತ್ತ ತಾನು ತಿರುಗುತ್ತಿತ್ತು. ಅದು ಮಾತನಾಡುತ್ತಿದ್ದ 137 ಮೆಗಾಹರ್ಟ್ಸ್‌ನ ಸುಮಾರಿನ ಅಲೆಗಳಿಗೆ ಇನ್ನೊಂದು ತೊಡಕೂ ಉಂಟು. ಅಯಾನುಗಳ ಪದರವನ್ನು ಹಾಯುವಾಗ ಭೂಮಿಯ ಕಾಂತಬಲದಿಂದ ಅವುಗಳ ತೂಗಾಟದ ದಿಕ್ಕು ಹೊರಳುತ್ತದೆ. 1845ರಲ್ಲಿ ಫ್ಯಾರಡೆಯು ಗಾಜಿನಲ್ಲಿ ಕಂಡ ವಿಚಿತ್ರವೇ ಇದು. ಹೇಳುವವನು ತಿರುಗುತ್ತಾನೆ, ಹಾದಿಯೂ ತಿರುಗಿಸುತ್ತದೆ. ಇಂಥಲ್ಲಿ ಭಂಗಿಯನ್ನು ಕೇಳದ ಅಲೆಯೇ ಗತಿ.

1981ರಲ್ಲಿ ಆಪಲ್ ಎಂಬ ಉಪಗ್ರಹದ ಆಂಟೆನಾವನ್ನು ಪರೀಕ್ಷಿಸಬೇಕಾದಾಗ, ಲೋಹದ ವಾಹನವು ಅಲೆಗಳನ್ನು ಪ್ರತಿಫಲಿಸಿ ಅಳತೆಯನ್ನು ಕೆಡಿಸೀತೆಂದು, ಅದನ್ನು ಮರದ ಎತ್ತಿನ ಗಾಡಿಯ ಮೇಲಿಟ್ಟರು. ಆ ಚಿತ್ರವನ್ನು ನೋಡಿ ನಮ್ಮ ಬಡತನವನ್ನು ನೆನೆದು ನಕ್ಕವರುಂಟು. ಆಂಟೆನಾದ ವಿದ್ಯೆಯನ್ನು ಬಲ್ಲವರಿಗೆ ಅದರಲ್ಲಿ ಕಾಣುವುದು ಬಡತನವಲ್ಲ, ವಿವೇಚನೆ.

ಇನ್ನು ಕಡಲಿಗೆ ಮರಳೋಣ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತವೆದ್ದಾಗ ಕೇರಳ ತಮಿಳುನಾಡುಗಳ ಎಷ್ಟೋ ದೋಣಿಗಳು ಆಗಲೇ ಆಳಕಡಲಿನಲ್ಲಿದ್ದುವು. ತೀರದಿಂದ ಹತ್ತು ಹನ್ನೆರಡು ಕಿಲೋಮೀಟರು ದಾಟಿದ ಮೇಲೆ ಕೈಫೋನು ಮೂಕವಾಗುತ್ತದೆ. ಎಚ್ಚರಿಕೆಯು ದಡದಲ್ಲಿತ್ತು, ಬೇಕಾದವರು ಕಡಲಿನಲ್ಲಿದ್ದರು. ಬಹುಮಂದಿ ಮರಳಿ ಬರಲಿಲ್ಲ. ಮಲ್ಪೆಯ ಬಂದರಿನಿಂದ ದಿನಗಟ್ಟಲೆ ಕಡಲಿಗೆ ಹೋಗುವವರ ಮನೆಗಳಲ್ಲಿ ಈ ಸುದ್ದಿಯನ್ನು ಕೇಳಿ ಎದೆ ನಡುಗದವರು ಯಾರು?

ತರುವಾಯ 2019ರಲ್ಲಿ ಜೆಮಿನಿ ಎಂಬ ಕಿರಿಯ ಪೆಟ್ಟಿಗೆಯೊಂದು ಹೊರಬಂದಿತು. ಗಗನ್ ಎಂಬ ವ್ಯವಸ್ಥೆಯ ಉಪಗ್ರಹಗಳು ಬಿತ್ತರಿಸುವ ಎಚ್ಚರಿಕೆಯನ್ನು ಅದು ಹಿಡಿದು ದೋಣಿಯಲ್ಲಿನ ಫೋನಿಗೆ ಒಪ್ಪಿಸುತ್ತದೆ. ಆ ಉಪಗ್ರಹಗಳ ಅಲೆಯು ಬಲಮುರಿ. ಉಪಗ್ರಹಗಳಿಂದ ದಾರಿಯನ್ನರಿಯುವ ನಾವಿಕ್ ವ್ಯವಸ್ಥೆಯ ಅಲೆಗಳೂ ಬಲಮುರಿಯೇ. ಅವುಗಳಲ್ಲೊಂದರ ಉದ್ದವು ಕ್ರಾಸನು 1946ರಲ್ಲಿ ಆರಿಸಿಕೊಂಡ ಆ 12 ಸೆಂಟಿಮೀಟರೇ. ಇಂಥ ಅಲೆಗಳನ್ನು ಹಿಡಿಯುವ ಆಂಟೆನಾ ಎಷ್ಟೋ ಯಂತ್ರಗಳಲ್ಲಿ ಅಂಗುಲದಷ್ಟರ ಚೌಕಬಿಲ್ಲೆ ಮಾತ್ರ. ಬಿಲ್ಲೆಯ ಎದುರುಬದುರಾದ ಎರಡು ಮೂಲೆಗಳನ್ನು ತುಸು ಕತ್ತರಿಸಿದರೆ ಸಾಕು. ಎರಡು ಕಂಪನಗಳ ನಡುವೆ ಕಾಲು ಅಲೆಯ ಅಂತರವು ಬಿದ್ದು ಅದು ಸುತ್ತುವ ಅಲೆಗೆ ಕಿವಿಗೊಡುತ್ತದೆ. ಫ್ರೆನೆಲನ ಯುಕ್ತಿಯು ಹೀಗೆ ಬೆಸ್ತನ ಅಂಗೈಗೆ ಬಂದಿಳಿದಿದೆ.

ಆದರೂ ಅಲೆಯು ಮುಟ್ಟಿದ ಮಾತ್ರಕ್ಕೆ ಮಾತು ಮುಟ್ಟಿದಂತಾಗುವುದಿಲ್ಲ. ಜೆಮಿನಿಯು ಕೇಳಿಸಬಲ್ಲುದು, ಅದರ ಮೂಲಕ ದೋಣಿಯವನು ಮರುನುಡಿಯಲಾರನು. ಎಚ್ಚರಿಕೆಯನ್ನು ಬರೆಯುವವನ ಮಾತು ಕಡಲಿಗೆ ಹೋಗುವವನ ತುಳುವಿಗೋ ಕನ್ನಡಕ್ಕೋ ಕೊಂಕಣಿಗೋ ಸರಿಯಾಗಿ ಇಳಿಯದಿದ್ದರೆ, ಗೂನ್‌ಹಿಲ್ಲಿಯಲ್ಲಿ ಆದುದೇ ದೋಣಿಯಲ್ಲಿಯೂ ಆದೀತು. ಇಂಗ್ಲಿಷನ್ನೋದಿದ ನಮ್ಮಂಥವರು ಕಲಿತ ವಿದ್ಯೆಯೆಲ್ಲವೂ ಆಯತಾಕಾರದ ಕೊಳವೆಯಲ್ಲಿ ಬಂದದ್ದು. ಅದನ್ನು ಥಟ್ಟನೆ ಊರಿನ ಮಾತಿಗೆ ಸುರಿದರೆ ಮರಳಿ ನಮ್ಮ ಬಳಿಗೇ ಬರುತ್ತದೆ. ಮೂಲೆಗಳನ್ನು ಮೆಲ್ಲನೆ ದುಂಡಾಗಿಸುವ ಶ್ರಮವು ಹೇಳುವವನ ಮೇಲೆಯೇ ಬೀಳಬೇಕು. ಓಲಾಡುವ ದೋಣಿಯಲ್ಲಿ ಕುಳಿತವನ ಮೇಲೆ ಬೀಳಬಾರದು.

ಆ ಸಂಜೆ ಕಾಪುವಿನ ಬಂಡೆಯ ಮೇಲೆ ನಮ್ಮ ವಿದ್ಯಾರ್ಥಿಗೆ ನಾವು ಕೊಟ್ಟ ಉತ್ತರವು ಇಷ್ಟು ಉದ್ದವಾಗಿರಲಿಲ್ಲ. ‘ದೀಪದ ಬೆಳಕಿನಲ್ಲಿ ಎಲ್ಲ ದಿಕ್ಕಿನ ತೂಗಾಟಗಳೂ ಬೆರೆತಿರುತ್ತವೆ, ನಮ್ಮ ಕಣ್ಣು ಅವುಗಳಲ್ಲಿ ಭೇದವನ್ನೆಣಿಸುವುದಿಲ್ಲ. ರೇಡಿಯೊ ಕಡ್ಡಿಯು ಒಂದೇ ದಿಕ್ಕಿಗೆ ತೂಗುತ್ತದೆ; ಆದುದರಿಂದ ಭೇದವುಂಟು’ ಎಂದಷ್ಟೇ ಹೇಳಿದೆವು. ಉಳಿದುದನ್ನು ಇಂದು ಹೇಳಿದ್ದೇವೆ. ಅಷ್ಟರಲ್ಲಿ ಕತ್ತಲಾಗಿ ದೀಪವು ಹೊತ್ತಿತ್ತು. ಪಡುವಣದಲ್ಲಿ ದೋಣಿಗಳ ಸಣ್ಣ ಬೆಳಕುಗಳು ಏರುತ್ತ ಇಳಿಯುತ್ತ ದಡದ ಕಡೆಗೆ ಬರುತ್ತಿದ್ದುವು.